ಒಂಟಿ ನಕ್ಷತ್ರ: ಷರತ್ತುಗಳು ಅನ್ವಯ

ಟೆಕ್ಸಾಸ್ ಒಂದು ಕಾಲದಲ್ಲಿ ಬೇರೆ ದೇಶವೇ ಆಗಿತ್ತು. 1836ರಿಂದ ಹೆಚ್ಚುಕಮ್ಮಿ ಹತ್ತು ವರ್ಷ ಅದಕ್ಕೆ ತನ್ನದೇ ಅಧ್ಯಕ್ಷ, ತನ್ನದೇ ಸಂವಿಧಾನ, ತನ್ನದೇ ನೋಟು, ಲಂಡನ್ನಿನಲ್ಲಿ ತನ್ನದೇ ರಾಯಭಾರ ಕಚೇರಿ ಎಲ್ಲ ಇದ್ದವು. ಬಾವುಟದಲ್ಲಿ ಒಂದೇ ಒಂದು ನಕ್ಷತ್ರ. ಆ ಬಾವುಟವೇ ಇವತ್ತಿಗೂ ಅಲ್ಲಿನ ರಾಜ್ಯದ ಬಾವುಟ.

ಆಸ್ಟಿನ್, ಹ್ಯೂಸ್ಟನ್ ಅನ್ನೋ ಹೆಸರುಗಳು ನಮಗೇನೂ ಹೊಸದಲ್ಲ. ಕ್ಲೈಂಟ್ ಇರೋ ಊರು, ಅಣ್ಣ ಅತ್ತಿಗೆ ಮನೆ ಮಾಡಿರೋ ಊರು, ಜೊತೆಗೆ ಓದಿದವನು ಟ್ರಾನ್ಸ್‌ಫರ್ ತಗೊಂಡು ಹೋದ ಊರು. ಆದರೆ ಅವೆರಡೂ ಮನುಷ್ಯರ ಹೆಸರುಗಳು. ಒಬ್ಬರ ಎದುರು ಒಬ್ಬರು ಅಧ್ಯಕ್ಷ ಚುನಾವಣೆಗೆ ನಿಂತವರು. ಆಸ್ಟಿನ್ ನಗರ ಇರೋದು ಟ್ರಾವಿಸ್ ಕೌಂಟಿಯಲ್ಲಿ; ಅದೂ ಒಬ್ಬ ಮನುಷ್ಯನ ಹೆಸರೇ. ಸ್ಯಾನ್ ಆಂಟೋನಿಯೊ ಕಡೆ ಹೊರಟರೆ ಹತ್ತಿರದಲ್ಲೇ ಸೆಗೀನ್ ಅಂತ ಒಂದು ಊರು ಸಿಗುತ್ತೆ. ಅವನದು ಈ ಎಲ್ಲರಿಗಿಂತ ವಿಚಿತ್ರ ಕತೆ.

ಟೆಕ್ಸಾಸ್ ಕ್ರಾಂತಿಯ ಬಗ್ಗೆ ಓದೋಕೆ ಕೂತರೆ ಮೊದಲು ಎದುರಾಗೋದು ಒಂದು ರಾಶಿ ಪದಗಳು: ಎಂಪ್ರೆಸಾರಿಯೊ, ಟೆಕ್ಸಿಯನ್, ತೆಹಾನೊ, ಅಲಾಮೊ, ರೆಡ್‌ಬ್ಯಾಕ್. ಒಂದೊಂದೂ ಕೇಳೋಕೆ ಚೆಂದ. ಆದರೆ ನಮ್ಮ ಜಾಹೀರಾತುಗಳಲ್ಲಿ ‘ಉಚಿತ’ ಅನ್ನೋ ಪದದ ಪಕ್ಕ ಪುಟ್ಟ ನಕ್ಷತ್ರ ಹಾಕಿ, ಕೆಳಗೆ ಇರುವೆ ಸಾಲಿನ ಹಾಗೆ ‘ಷರತ್ತುಗಳು ಅನ್ವಯ’ ಅಂತ ಬರೆದಿರ್ತಾರಲ್ಲ, ಇಲ್ಲೂ ಹಾಗೇ. ಪ್ರತಿ ಪದಕ್ಕೂ ಒಂದು ಸಣ್ಣ ಅಕ್ಷರದ ಸಾಲಿದೆ. ಈ ವಾರ ಆ ಸಾಲುಗಳನ್ನು ಓದೋಣ.

ಎಂಪ್ರೆಸಾರಿಯೊ

ಇದು ಸ್ಪ್ಯಾನಿಷ್ ಪದ. ಸರ್ಕಾರದ ಜೊತೆ ಕರಾರು ಮಾಡಿಕೊಂಡು, ಹೊರಗಿನಿಂದ ಕುಟುಂಬಗಳನ್ನು ಕರೆತಂದು ನೆಲೆ ನಿಲ್ಲಿಸೋ ಗುತ್ತಿಗೆದಾರ ಅಂತ ಇಟ್ಟುಕೊಳ್ಳಿ.

1821ರಲ್ಲಿ ಮೆಕ್ಸಿಕೊ ಸ್ಪೇನ್‌ನಿಂದ ಸ್ವತಂತ್ರವಾಯಿತು. ಅದರ ಉತ್ತರದ ತುದಿಯಲ್ಲಿದ್ದ ಟೆಕ್ಸಾಸ್‌ನಲ್ಲಿ ಮೆಕ್ಸಿಕನ್ ಜನ ಕೆಲವೇ ಸಾವಿರ. ಉಳಿದಂತೆ ಅದು ಕೊಮಾಂಚಿ ಮುಂತಾದ ಮೂಲನಿವಾಸಿ ಬುಡಕಟ್ಟುಗಳ ನೆಲ. ಜನ ಬಂದು ಉಳುಮೆ ಮಾಡಿದರೆ ಗಡಿಯೂ ಗಟ್ಟಿಯಾಗುತ್ತೆ ಅಂತ ಸರ್ಕಾರದ ಲೆಕ್ಕ. ಸ್ಪೇನ್ ಇನ್ನೂ ಆಳುತ್ತಿದ್ದಾಗಲೇ ಮೋಸೆಸ್ ಆಸ್ಟಿನ್ ಅನ್ನೋ ಅಮೆರಿಕನ್ 300 ಕುಟುಂಬಗಳನ್ನು ತರೋಕೆ ಅನುಮತಿ ಪಡೆದಿದ್ದ. ಅದೇ ವರ್ಷ ಅವನು ತೀರಿಕೊಂಡ. ಕೆಲಸ ಮಗ ಸ್ಟೀಫನ್ ಆಸ್ಟಿನ್ ಹೆಗಲಿಗೆ ಬಿತ್ತು. ಸರ್ಕಾರ ಬದಲಾಗಿತ್ತು, ಹಳೆಯ ಅನುಮತಿಗೆ ಬೆಲೆ ಇರಲಿಲ್ಲ. ಸ್ಟೀಫನ್ ಮೆಕ್ಸಿಕೊ ಸಿಟಿವರೆಗೆ ಹೋಗಿ, ಸ್ಪ್ಯಾನಿಷ್ ಕಲಿತು, ತಿಂಗಳುಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆದು ಅನುಮತಿ ಉಳಿಸಿಕೊಂಡ.

ಆಫರ್ ಎಂಥದ್ದು ಗೊತ್ತಾ? ದನ ಸಾಕೋ ಕುಟುಂಬಕ್ಕೆ 4,428 ಎಕರೆ, ಬೇಸಾಯಕ್ಕೆ ಇನ್ನೂ 177 ಎಕರೆ. ನಮ್ಮ ಲಾಲ್‌ಬಾಗ್ ಸುಮಾರು 240 ಎಕರೆ. ಅಂದರೆ ಒಂದೊಂದು ಮನೆಗೆ ಹದಿನೆಂಟು ಲಾಲ್‌ಬಾಗ್! ಅದೇ ಹೊತ್ತಿಗೆ ಅಮೆರಿಕದಲ್ಲಿ ಸರ್ಕಾರಿ ಜಮೀನು ಎಕರೆಗೆ ಒಂದೂಕಾಲು ಡಾಲರ್, ಅದೂ ನಗದು. 1819ರ ಆರ್ಥಿಕ ಕುಸಿತದಲ್ಲಿ ಮುಳುಗಿದವರು ಸಾಲಗಾರರಿಗೆ ಸಿಗದ ಹಾಗೆ ರಾತ್ರೋರಾತ್ರಿ ಗಂಟುಮೂಟೆ ಕಟ್ಟಿದರು. ‘ಟೆಕ್ಸಾಸ್‌ಗೆ ಹೋಗಿದ್ದೀನಿ’ ಅನ್ನೋದರ ಇಂಗ್ಲಿಷ್ ಮೊದಲಕ್ಷರಗಳಾದ ‘ಜಿಟಿಟಿ’ಯನ್ನು ಬಾಗಿಲ ಮೇಲೆ ಗೀಚಿ ಹೋಗೋದು ಆಗಿನ ರೂಢಿಯಾಯಿತು.

ಷರತ್ತು: ಮೆಕ್ಸಿಕೊದ ಪ್ರಜೆಯಾಗಬೇಕು, ಕ್ಯಾಥೋಲಿಕ್ ಆಗಬೇಕು, ನಡತೆ ಚೆನ್ನಾಗಿರಬೇಕು. ಬಂದವರಲ್ಲಿ ಹೆಚ್ಚಿನವರು ಪ್ರಾಟೆಸ್ಟೆಂಟರು. ನಾವು ಆ್ಯಪ್ ಇನ್‌ಸ್ಟಾಲ್ ಮಾಡುವಾಗ ಓದದೇ ‘ಒಪ್ಪಿದೆ’ ಒತ್ತೋ ಹಾಗೆ ಅವರೂ ಒತ್ತಿದರು. ಧರ್ಮ ಕಾಗದದ ಮೇಲೆ ಮಾತ್ರ ಬದಲಾಯಿತು.

ತೊಂಬತ್ತೊಂಬತ್ತು ವರ್ಷದ ಕಾಂಟ್ರಾಕ್ಟ್

ಶಾಲೆಯ ಪುಸ್ತಕಗಳು ತುಂಬ ದಿನ ಜಾರಿಸಿಕೊಂಡು ಹೋದ ಪದ ಇದು.

ವಲಸೆ ಬಂದವರಲ್ಲಿ ಹಲವರು ಹತ್ತಿ ಬೆಳೆಯೋ ದಕ್ಷಿಣದ ರಾಜ್ಯಗಳವರು. ಹತ್ತಿ ಅಂದರೆ ಅವರ ಲೆಕ್ಕದಲ್ಲಿ ಗುಲಾಮರು. ಆಸ್ಟಿನ್‌ನ ಮೊದಲ ಯೋಜನೆಯಲ್ಲಿ ಗಂಡಸಿಗೆ 640 ಎಕರೆ, ಹೆಂಡತಿಗೆ 320, ಮಗುವಿಗೆ 160, ಪ್ರತಿ ಗುಲಾಮನಿಗೆ 80 ಎಕರೆ. ಆ ಕೊನೆಯ 80 ಎಕರೆ ಗುಲಾಮನಿಗೆ ಸಿಗುತ್ತಿರಲಿಲ್ಲ ಅಂತ ಹೇಳಬೇಕಿಲ್ಲ. ಅವನನ್ನು ಕೊಂಡವನಿಗೆ ಸಿಗುತ್ತಿತ್ತು. 1825ರ ಎಣಿಕೆಯಲ್ಲಿ ಆಸ್ಟಿನ್ ಕಾಲೊನಿಯ ಜನ ಸುಮಾರು 1,800. ಅದರಲ್ಲಿ 443 ಮಂದಿ ಗುಲಾಮರು.

ಮೆಕ್ಸಿಕೊ ಮಾತ್ರ ಗುಲಾಮಗಿರಿಯನ್ನು ಹಂತಹಂತವಾಗಿ ಮುಗಿಸೋ ದಾರಿಯಲ್ಲಿತ್ತು. 1827ರಲ್ಲಿ ಕೊವಾವಿಲಾ ಮತ್ತು ಟೆಕ್ಸಾಸ್ ಸೇರಿದ ರಾಜ್ಯದ ಸಂವಿಧಾನ, ಇನ್ನು ಮುಂದೆ ಇಲ್ಲಿ ಯಾರೂ ಗುಲಾಮರಾಗಿ ಹುಟ್ಟುವಂತಿಲ್ಲ, ಆರು ತಿಂಗಳಾದ ಮೇಲೆ ಹೊಸಬರನ್ನು ತರುವಂತಿಲ್ಲ ಅಂದಿತು. 1829ರಲ್ಲಿ ಅಧ್ಯಕ್ಷ ಗೆರೆರೊ ದೇಶದ ತುಂಬ ಗುಲಾಮಗಿರಿ ರದ್ದು ಅಂತ ಆಜ್ಞೆ ಹೊರಡಿಸಿದ. ಟೆಕ್ಸಾಸ್‌ನವರು ಗಲಾಟೆ ಮಾಡಿ ವಿನಾಯಿತಿ ಗಿಟ್ಟಿಸಿಕೊಂಡರು.

ಹೊಸ ಗುಲಾಮರನ್ನು ತರೋಕೆ ಒಂದು ಉಪಾಯವೂ ಹೊಳೆಯಿತು. ಗಡಿ ದಾಟೋ ಮುಂಚೆ ಒಂದು ಕಾಗದ. ‘ನಾನು ಸ್ವಇಚ್ಛೆಯಿಂದ ಕೆಲಸಕ್ಕೆ ಬರುತ್ತಿದ್ದೇನೆ, ನನ್ನ ಬೆಲೆ ಯಜಮಾನರಿಗೆ ತೀರುವವರೆಗೆ ದುಡಿಯುತ್ತೇನೆ’ ಅನ್ನೋ ಅರ್ಥದ್ದು. ಅವಧಿ ಎಷ್ಟೋ ಕಡೆ 99 ವರ್ಷ. ಹೆಬ್ಬೆಟ್ಟು ಒತ್ತಿದ ಕೂಡಲೇ ಅವನು ಕಾನೂನಿನ ಕಣ್ಣಿನಲ್ಲಿ ಗುಲಾಮ ಅಲ್ಲ, ಕಾಂಟ್ರಾಕ್ಟ್ ಕಾರ್ಮಿಕ! ಜೀತದ ಪತ್ರಗಳ ಕತೆ ಕೇಳಿರೋ ನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಏಪ್ರಿಲ್ 6ರ ಕಾನೂನು

ಗಡಿಯ ಪರಿಸ್ಥಿತಿ ನೋಡಿಕೊಂಡು ಬರೋಕೆ ಮೆಕ್ಸಿಕೊ ಸರ್ಕಾರ ಜನರಲ್ ಮಿಯೆರ್ ಇ ತೆರಾನ್ ಅನ್ನೋ ಅಧಿಕಾರಿಯನ್ನು ಕಳಿಸಿತ್ತು. ಉತ್ತರಕ್ಕೆ ಹೋದಷ್ಟೂ ಅವನ ಕಣ್ಣಿಗೆ ಮೆಕ್ಸಿಕೊ ಕಮ್ಮಿಯಾಗುತ್ತಾ ಹೋಯಿತು. ಭಾಷೆ, ವ್ಯಾಪಾರ, ಶಾಲೆ ಎಲ್ಲ ಅಮೆರಿಕದ್ದೇ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನೋ ಮಾತು ಇಂಥ ಹೊತ್ತಿಗೇ ಹುಟ್ಟಿದ್ದಿರಬೇಕು.

1830ರ ಏಪ್ರಿಲ್ 6ರಂದು ಕಾನೂನು ಬಂತು: ಅಮೆರಿಕದಿಂದ ಇನ್ನು ವಲಸೆ ಬೇಡ. ಆದರೆ ಗಡಿ ಉದ್ದ, ಕಾವಲು ಕಮ್ಮಿ. ಜನ ಬರುತ್ತಲೇ ಇದ್ದರು. ಮುಂದೆ ಅಲಾಮೊದ ವೀರ ಅಂತ ಹೆಸರಾದ ವಿಲಿಯಮ್ ಟ್ರಾವಿಸ್ ಟೆಕ್ಸಾಸ್‌ಗೆ ಬಂದಿದ್ದು 1831ರಲ್ಲಿ. ಅಂದರೆ ಕಾನೂನಿನ ಪ್ರಕಾರ ಅಕ್ರಮ ವಲಸಿಗ. ಇವತ್ತು ಅದೇ ಗಡಿಯಲ್ಲಿ ಯಾರು ಯಾರನ್ನು ತಡೆಯುತ್ತಿದ್ದಾರೆ ಅನ್ನೋದನ್ನು ಟಿವಿಯಲ್ಲಿ ನೋಡ್ತಾನೇ ಇದ್ದೀರಿ. ಹೆಚ್-1ಬಿ ಕಾಗದ ಹಿಡಿದು, ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ನಿಂತಿರೋ ನಮ್ಮವರು ಟ್ರಾವಿಸ್ ಕೌಂಟಿಯಲ್ಲೇ ಎಷ್ಟೋ ಜನ ಇದ್ದಾರೆ. ಆ ಹೆಸರಿನ ಮನುಷ್ಯ ಯಾವ ಸಾಲಿನಲ್ಲೂ ನಿಂತವನಲ್ಲ.

ಟೆಕ್ಸಿಯನ್, ತೆಹಾನೊ

ಅಮೆರಿಕದಿಂದ ಬಂದು ನೆಲೆಸಿದವರಿಗೆ ಆಗಿನ ಹೆಸರು ಟೆಕ್ಸಿಯನ್. ಮೊದಲಿನಿಂದ ಅಲ್ಲೇ ಇದ್ದ ಸ್ಪ್ಯಾನಿಷ್ ಮಾತಿನ ಮೆಕ್ಸಿಕನ್ನರು ತೆಹಾನೊ. ಇಬ್ಬರೂ ಎರಡು ಗುಂಪಾಗಿ ಎದುರುಬದುರು ನಿಂತು ಹೊಡೆದಾಡಿದರು ಅಂತ ಸಿನಿಮಾ ನೋಡಿದರೆ ಅನಿಸುತ್ತೆ. ನಿಜವಾಗಿ ಹಾಗಾಗಲಿಲ್ಲ.

ಮೆಕ್ಸಿಕೊದ 1824ರ ಸಂವಿಧಾನ ರಾಜ್ಯಗಳಿಗೆ ಸಾಕಷ್ಟು ಸ್ವಾಯತ್ತೆ ಕೊಟ್ಟಿತ್ತು. ಅಧ್ಯಕ್ಷನಾದ ಸಾಂಟಾ ಆನಾ ಮೊದಲು ಅದರ ಪರ ಇದ್ದ. 1832ರಲ್ಲಿ ಟೆಕ್ಸಾಸ್‌ನವರೇ ಅವನಿಗೆ ಬೆಂಬಲ ಘೋಷಿಸಿದ್ದರು. ಆಮೇಲೆ ಅವನು ಪ್ಲೇಟು ಬದಲಾಯಿಸಿದ. ಅಧಿಕಾರವೆಲ್ಲ ರಾಜಧಾನಿಗೆ ಎಳೆದುಕೊಂಡ. 1835ರಲ್ಲಿ ತಿರುಗಿಬಿದ್ದ ಸಕಾತೆಕಾಸ್ ರಾಜ್ಯವನ್ನು ಸೈನ್ಯ ನುಗ್ಗಿಸಿ ಹೊಸಕಿಹಾಕಿದ. ಟೆಕ್ಸಾಸ್‌ಗೆ ಪ್ರತ್ಯೇಕ ರಾಜ್ಯದ ಸ್ಥಾನ ಕೇಳೋಕೆ ಹೋದ ಸ್ಟೀಫನ್ ಆಸ್ಟಿನ್‌ನನ್ನು 1834ರಲ್ಲಿ ಹಿಡಿದು ಜೈಲಿಗೆ ಹಾಕಿದರು. ಅಲ್ಲಿಯವರೆಗೆ ಸರ್ಕಾರದ ಜೊತೆ ಹೊಂದಿಕೊಂಡೇ ಹೋಗೋಣ ಅನ್ನುತ್ತಿದ್ದವನು, 1835ರಲ್ಲಿ ವಾಪಸ್ ಬಂದಾಗ ಯುದ್ಧವೇ ದಾರಿ ಅಂದ.

ಕೇಂದ್ರದ ಈ ದರ್ಬಾರಿನ ವಿರುದ್ಧ ಸಿಟ್ಟಾಗಿದ್ದವರಲ್ಲಿ ತೆಹಾನೊಗಳೂ ಇದ್ದರು. ಹಾಗಾಗಿ ಟೆಕ್ಸಾಸ್ ಕ್ರಾಂತಿ ಬರೀ ಗುಲಾಮಗಿರಿಗಾಗಿ ನಡೆದದ್ದು ಅಂದರೂ ಪೂರ್ತಿ ನಿಜ ಅಲ್ಲ, ಬರೀ ಸ್ವಾತಂತ್ರ್ಯಕ್ಕಾಗಿ ಅಂದರೂ ಅಲ್ಲ. ಎರಡೂ ಒಂದೇ ಗಾಡಿಯಲ್ಲಿ ಕೂತಿದ್ದವು.

1835ರ ಅಕ್ಟೋಬರ್ 2ರಂದು ಗೊನ್ಸಾಲೆಸ್ ಊರಿನಲ್ಲಿ ಮೊದಲ ಗುಂಡು ಹಾರಿತು. ಹಿಂದೆ ತಾನೇ ಕೊಟ್ಟಿದ್ದ ಪುಟ್ಟ ಫಿರಂಗಿಯನ್ನು ಸೈನ್ಯ ವಾಪಸ್ ಕೇಳಿತು. ಊರವರು ಬಟ್ಟೆಯ ಮೇಲೆ ಫಿರಂಗಿ ಚಿತ್ರ ಬರೆದು ‘ತಾಕತ್ತಿದ್ದರೆ ಬಂದು ತಗೊಂಡು ಹೋಗಿ’ ಅನ್ನೋ ಅರ್ಥದ ಬಾವುಟ ಹಾರಿಸಿದರು. ಇವತ್ತು ಅದು ಟೀ ಶರ್ಟ್ ಮೇಲೆ ಸಿಗುತ್ತೆ.

ಅಲಾಮೊ

ಸ್ಯಾನ್ ಆಂಟೋನಿಯೊದಲ್ಲಿ ಹಳೆಯ ಸ್ಪ್ಯಾನಿಷ್ ಮಿಷನ್ ಒಂದಿತ್ತು. ಕೋಟೆಯಾಗಿ ಕಟ್ಟಿದ್ದಲ್ಲ, ಕೋಟೆಯಾಗಿ ಬಳಸಿದ್ದು. 1836ರ ಫೆಬ್ರುವರಿ 23ರಂದು ಸಾಂಟಾ ಆನಾ ಸೈನ್ಯ ಬಂದು ಮುತ್ತಿತು. ಒಳಗೆ ಇನ್ನೂರರ ಆಸುಪಾಸು ಜನ. 26 ವರ್ಷದ ಟ್ರಾವಿಸ್, ಚೂರಿಗೆ ಹೆಸರಾದ ಜಿಮ್ ಬೌಯಿ, ಟೆನೆಸಿಯ ಮಾಜಿ ಸಂಸದ ಡೇವಿಡ್ ಕ್ರಾಕೆಟ್. ಹದಿಮೂರನೇ ದಿನ, ಮಾರ್ಚ್ 6ರ ಬೆಳಗಿನ ಜಾವ, ಗೋಡೆ ಹತ್ತಿ ಬಂದ ಸೈನ್ಯ ಹೋರಾಡಿದವರನ್ನು ಹೆಚ್ಚುಕಮ್ಮಿ ಎಲ್ಲರನ್ನೂ ಕೊಂದಿತು. ಹೆಣಗಳನ್ನು ರಾಶಿ ಹಾಕಿ ಸುಟ್ಟರು.

ಒಂದು ಹೆಣ ಮಾತ್ರ ಬೆಂಕಿಗೆ ಹೋಗಲಿಲ್ಲ. ಗ್ರೆಗೊರಿಯೊ ಎಸ್ಪಾರ್ಸಾ ಅನ್ನೋ ತೆಹಾನೊ ಒಳಗೆ ಹೋರಾಡಿ ಸತ್ತಿದ್ದ. ಅವನ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಫ್ರಾನ್ಸಿಸ್ಕೊ ಮೆಕ್ಸಿಕೊದ ಕಡೆಯವನು. ಅವನು ಅನುಮತಿ ಕೇಳಿ, ಹೆಣ ಹುಡುಕಿ, ಮಣ್ಣು ಮಾಡಿದ. ಒಂದೇ ಮನೆ, ಎರಡು ಪಕ್ಷ.

ಬದುಕಿ ಹೊರಬಂದವರು ಕೆಲವು ಹೆಂಗಸರು, ಮಕ್ಕಳು. ಜೊತೆಗೆ ಜೋ ಅನ್ನೋ ಹುಡುಗ. ವಯಸ್ಸು ಇಪ್ಪತ್ತರ ಆಚೀಚೆ. ಟ್ರಾವಿಸ್‌ನ ಗುಲಾಮ. ಯಜಮಾನನ ಜೊತೆ ಗೋಡೆ ಮೇಲೆ ನಿಂತು ಗುಂಡು ಹಾರಿಸಿದವನು, ಯಜಮಾನ ಬಿದ್ದದ್ದನ್ನು ಕಣ್ಣಾರೆ ಕಂಡವನು. ಗುಲಾಮ ಅನ್ನೋ ಕಾರಣಕ್ಕೇ ಮೆಕ್ಸಿಕೊದವರು ಅವನನ್ನು ಕೊಲ್ಲದೆ ಬಿಟ್ಟರು. ಅವನು ನಡೆದು ಬಂದು ಹೊಸ ಸರ್ಕಾರದ ಮಂತ್ರಿಗಳ ಮುಂದೆ ನಿಂತು ಒಳಗೆ ಏನಾಯಿತು ಅಂತ ಹೇಳಿದ. ಟ್ರಾವಿಸ್ ಹೇಗೆ ಸತ್ತ ಅಂತ ಇವತ್ತು ಪುಸ್ತಕಗಳಲ್ಲಿ ಇರೋದು ಬಹುಪಾಲು ಜೋ ಹೇಳಿದ್ದು.

ಷರತ್ತು: ಹೇಳಿಕೆ ಮುಗಿದ ಮೇಲೆ ಅವನನ್ನು ಟ್ರಾವಿಸ್‌ನ ಆಸ್ತಿಯ ಲೆಕ್ಕಕ್ಕೆ ವಾಪಸ್ ಸೇರಿಸಿದರು. ಕುದುರೆ, ಪೀಠೋಪಕರಣದ ಜೊತೆಗೆ.

ಹದಿನೆಂಟು ನಿಮಿಷ

ಅಲಾಮೊ ಬೀಳೋಕೆ ನಾಲ್ಕು ದಿನ ಮುಂಚೆ, ಮಾರ್ಚ್ 2ರಂದು, ಬ್ರಾಸೊಸ್ ನದಿ ದಂಡೆಯ ವಾಷಿಂಗ್ಟನ್ ಅನ್ನೋ ಪುಟ್ಟ ಊರಿನಲ್ಲಿ ಸೇರಿದ ಪ್ರತಿನಿಧಿಗಳು ಟೆಕ್ಸಾಸ್ ಸ್ವತಂತ್ರ ಅಂತ ಘೋಷಿಸಿದರು. ಸಹಿ ಹಾಕಿದವರು 59 ಮಂದಿ. ಅದರಲ್ಲಿ ಟೆಕ್ಸಾಸ್‌ನ ಮಣ್ಣಿನಲ್ಲೇ ಹುಟ್ಟಿದವರು ಇಬ್ಬರೇ: ಹೊಸೆ ಆಂಟೋನಿಯೊ ನವಾರೊ ಮತ್ತು ಹೊಸೆ ಫ್ರಾನ್ಸಿಸ್ಕೊ ರೂಯಿಸ್. ಇಬ್ಬರೂ ತೆಹಾನೊಗಳು. ಯುಕಟಾನ್‌ನಿಂದ ಬಂದ ಲೊರೆನ್ಸೊ ದೆ ಸವಾಲಾ ಹಂಗಾಮಿ ಉಪಾಧ್ಯಕ್ಷನಾದ.

ಆಮೇಲಿನ ಕೆಲವು ವಾರ ಭಯಂಕರ. ಗೋಲಿಯಾಡ್‌ನಲ್ಲಿ ಶರಣಾದ ಕೈದಿಗಳನ್ನು ಸಾಂಟಾ ಆನಾ ಅಪ್ಪಣೆಯಂತೆ ಮಾರ್ಚ್ 27ರಂದು ನಿಲ್ಲಿಸಿ ಗುಂಡಿಕ್ಕಿದರು; ಸತ್ತವರು 340ಕ್ಕೂ ಹೆಚ್ಚು. ಹಳ್ಳಿಗಳು ಖಾಲಿಯಾದವು. ಮಳೆ, ಕೆಸರು, ಕಾಯಿಲೆಗಳ ನಡುವೆ ಹೆಂಗಸರು ಮಕ್ಕಳು ಪೂರ್ವಕ್ಕೆ ಓಡಿದ್ದಕ್ಕೆ ‘ರನ್‌ಅವೇ ಸ್ಕ್ರೇಪ್’ ಅಂತ ಹೆಸರು. ದಂಡನಾಯಕ ಸ್ಯಾಮ್ ಹ್ಯೂಸ್ಟನ್ ಕೂಡ ಹಿಂದೆ ಹಿಂದೆ ಸರಿಯುತ್ತಲೇ ಹೋದ. ಪುಕ್ಕಲ ಅಂತ ಸ್ವಂತ ಸೈನಿಕರಿಂದಲೇ ಬೈಸಿಕೊಂಡ.

ಏಪ್ರಿಲ್ 21ರ ಮಧ್ಯಾಹ್ನ ಸ್ಯಾನ್ ಜಸಿಂಟೊ ಅನ್ನೋ ಕಡೆ ಸಾಂಟಾ ಆನಾ ಸೈನ್ಯ ವಿಶ್ರಾಂತಿಯಲ್ಲಿದ್ದಾಗ ಹ್ಯೂಸ್ಟನ್ ಎರಗಿದ. ಹದಿನೆಂಟು ನಿಮಿಷದಲ್ಲಿ ಯುದ್ಧ ಮುಗಿಯಿತು. ಕೊಲೆ ಮಾತ್ರ ಆಮೇಲೂ ನಡೆಯಿತು. ಹ್ಯೂಸ್ಟನ್ ವರದಿ ಪ್ರಕಾರ ಮೆಕ್ಸಿಕೊ ಕಡೆ ಸತ್ತವರು 630. ಟೆಕ್ಸಾಸ್ ಕಡೆ 9. ಮರುದಿನ ಸಾಂಟಾ ಆನಾ ಸಿಕ್ಕಿಬಿದ್ದ.

ಅವತ್ತು ಹ್ಯೂಸ್ಟನ್ ಪಡೆಯಲ್ಲಿ ಹುವಾನ್ ಸೆಗೀನ್ ನಾಯಕತ್ವದ ತೆಹಾನೊ ತುಕಡಿಯೂ ಇತ್ತು. ಗೆಳೆಯರ ಗುಂಡಿಗೇ ಬಲಿಯಾಗದಿರಲಿ ಅಂತ ಅವರು ಟೋಪಿಗೆ ರಟ್ಟಿನ ಚೂರು ಸಿಕ್ಕಿಸಿಕೊಂಡು ಹೋರಾಡಿದರು. ಒಂಥರಾ ಐಡಿ ಕಾರ್ಡ್. ಯುದ್ಧ ಮುಗಿದ ಮೇಲೂ ಆ ಕಾರ್ಡ್ ತೋರಿಸುತ್ತಲೇ ಇರಬೇಕಾಗುತ್ತೆ ಅಂತ ಅವರಿಗಾಗ ಗೊತ್ತಿರಲಿಲ್ಲ.

ನಾಗರಿಕ

ಕ್ರಾಂತಿಯ ಮೂಲ ದಾಖಲೆಗಳಲ್ಲಿ ಒಂದನ್ನೇ ಓದೋಕೆ ಪುರುಸೊತ್ತಿದ್ದರೆ 1836ರ ಮಾರ್ಚ್‌ನಲ್ಲಿ ಬರೆದ ಸಂವಿಧಾನ ಓದಿ. ಅಧ್ಯಕ್ಷ ಸತತ ಎರಡು ಅವಧಿ ಇರುವಂತಿಲ್ಲ, ಪಾದ್ರಿಗಳು ಅಧಿಕಾರಕ್ಕೆ ಬರುವಂತಿಲ್ಲ, ಸಾಲಕ್ಕಾಗಿ ಜೈಲಿಗೆ ಹಾಕುವಂತಿಲ್ಲ. ಓದುತ್ತಾ ಓದುತ್ತಾ ಖುಷಿಯಾಗುತ್ತೆ. ಆಮೇಲೆ ಕೊನೆಯ ಕಡೆ ‘ಸಾಮಾನ್ಯ ನಿಯಮಗಳು’ ಅನ್ನೋ ಭಾಗ ಬರುತ್ತೆ. ಹೆಸರು ಕೇಳಿದರೇ ಯಾರೂ ಓದಲ್ಲ, ಅಲ್ವಾ?

ಅಲ್ಲಿ ಹೀಗಿದೆ: ಗುಲಾಮರನ್ನು ಬಿಡುಗಡೆ ಮಾಡೋ ಅಧಿಕಾರ ಸಂಸತ್ತಿಗೆ ಇಲ್ಲ. ಯಜಮಾನನೇ ಮನಸ್ಸು ಮಾಡಿ ಬಿಟ್ಟರೂ ಸಂಸತ್ತಿನ ಒಪ್ಪಿಗೆ ಬೇಕು, ಇಲ್ಲದಿದ್ದರೆ ಬಿಟ್ಟವನನ್ನು ದೇಶದಿಂದಾಚೆ ಕಳಿಸಬೇಕು. ಆಫ್ರಿಕನ್ ಮೂಲದ ಸ್ವತಂತ್ರ ವ್ಯಕ್ತಿ ಸಂಸತ್ತಿನ ಅನುಮತಿ ಇಲ್ಲದೆ ಟೆಕ್ಸಾಸ್‌ನಲ್ಲಿ ಕಾಯಂ ಆಗಿ ಇರುವಂತಿಲ್ಲ. ಸ್ವಾತಂತ್ರ್ಯ ಘೋಷಿಸಿದ ದಿನ ಅಲ್ಲಿ ವಾಸವಿದ್ದ ಎಲ್ಲರೂ ಗಣರಾಜ್ಯದ ನಾಗರಿಕರು. ಆ ‘ಎಲ್ಲರೂ’ ಪದದ ಪಕ್ಕದಲ್ಲೇ ಕಂಸ ಹಾಕಿ ಆಫ್ರಿಕನ್ನರು, ಅವರ ಸಂತತಿ ಮತ್ತು ಇಂಡಿಯನ್ನರನ್ನು ಬಿಟ್ಟು ಅಂತ ಬರೆದಿದ್ದಾರೆ.

ಕೋಡ್‌ನಲ್ಲಿ ನಾವೂ ಮೊದಲು ‘ಎಲ್ಲರಿಗೂ’ ಅಂತ ಬರೆದು ಆಮೇಲೆ ‘ಇವರನ್ನು ಬಿಟ್ಟು’ ಅಂತ ಒಂದು ಕಂಡಿಷನ್ ಸೇರಿಸ್ತೀವಿ. ಅಲ್ಲಿ ಹೊರಗೆ ಉಳಿಯೋದು ಒಂದಿಷ್ಟು ಡೇಟಾ. ಇಲ್ಲಿ ಆ ಕಂಸದ ಒಳಗೆ ಯಾರ್ಯಾರು ಸಿಕ್ಕಿಕೊಂಡರು ಅಂತ ಹೆಸರು ಹಿಡಿದು ಹೇಳಬಹುದು.

ಗ್ರೀನ್‌ಬರಿ ಲೋಗನ್. ಕಪ್ಪು ಜನಾಂಗದ ಕಮ್ಮಾರ, ಸ್ವತಂತ್ರ ಮನುಷ್ಯ. 1831ರಲ್ಲಿ ಬಂದ. ಮೆಕ್ಸಿಕೊ ಅವನಿಗೆ ಪೌರತ್ವ, ಜಮೀನು ಎರಡೂ ಕೊಟ್ಟಿತ್ತು. ಆದರೂ ಟೆಕ್ಸಾಸ್ ಪರ ಬಂದೂಕು ಹಿಡಿದ. 1835ರ ಡಿಸೆಂಬರ್‌ನಲ್ಲಿ ಸ್ಯಾನ್ ಆಂಟೋನಿಯೊ ಗೆದ್ದ ಕಾಳಗದಲ್ಲಿ ಗಾಯವಾಗಿ ದುಡಿಯೋ ಶಕ್ತಿ ಕಳೆದುಕೊಂಡ. ಗೆದ್ದ ಮೇಲೆ, ತಾನು ಗೆದ್ದುಕೊಟ್ಟ ದೇಶದಲ್ಲಿ ಇರೋಕೆ ಅನುಮತಿ ಕೊಡಿ ಅಂತ ಸಂಸತ್ತಿಗೆ ಅರ್ಜಿ ಹಾಕಬೇಕಾಯಿತು. ಇರೋಕೆ ಬಿಟ್ಟರು. ಮತ ಹಾಕೋಕೆ ಬಿಡಲಿಲ್ಲ. ತೆರಿಗೆ ಮಾತ್ರ ಕಟ್ಟಬೇಕಿತ್ತು. ಹಕ್ಕುಗಳೆಲ್ಲ ಹೋದ ಮೇಲೆ ತೆರಿಗೆಯಿಂದಾದರೂ ಬಿಡುಗಡೆ ಕೊಡಿ ಅಂತ 1841ರಲ್ಲಿ ಅವನು ಕಾಗದ ಬರೆದ.

ದುವಾಲಿ. ಟೆಕ್ಸಾಸ್‌ನ ಚೆರೋಕಿ ಬುಡಕಟ್ಟಿನ ಮುಖಂಡ, ಎಂಬತ್ತು ದಾಟಿದ ಮುದುಕ. 1836ರ ಫೆಬ್ರುವರಿ 23ರಂದು, ಅಲಾಮೊ ಮುತ್ತಿಗೆ ಶುರುವಾದ ಅದೇ ದಿನ, ಹ್ಯೂಸ್ಟನ್ ಅವನ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ್ದ: ನೀವು ಯುದ್ಧದಲ್ಲಿ ತಟಸ್ಥರಾಗಿರಿ, ನಿಮ್ಮ ಭೂಮಿ ನಿಮಗೇ. ಹ್ಯೂಸ್ಟನ್ ಹುಡುಗನಾಗಿದ್ದಾಗ ಚೆರೋಕಿಗಳ ಜೊತೆ ಬೆಳೆದವನು, ಅವನ ಮಾತು ಪ್ರಾಮಾಣಿಕವೇ ಇರಬೇಕು. ಚೆರೋಕಿಗಳು ಮಾತು ಉಳಿಸಿಕೊಂಡರು. ಸೆನೆಟ್ 1837ರಲ್ಲಿ ಒಪ್ಪಂದವನ್ನು ತಿರಸ್ಕರಿಸಿತು. ಹ್ಯೂಸ್ಟನ್ ನಂತರ ಅಧ್ಯಕ್ಷನಾದ ಮಿರಾಬೋ ಲಮಾರ್ 1839ರ ಜುಲೈನಲ್ಲಿ ಸೈನ್ಯ ಕಳಿಸಿ ಅವರನ್ನು ಓಡಿಸಿದ. ನೆಚೆಸ್ ನದಿ ಬಳಿಯ ಕಾಳಗದಲ್ಲಿ ದುವಾಲಿ ಸತ್ತ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು.

ಇನ್ನು ಸೆಗೀನ್. ತೆಹಾನೊಗಳು ಕಂಸದ ಒಳಗೆ ಇರಲಿಲ್ಲ, ಕಾಗದದ ಮೇಲೆ ಪೂರ್ಣ ನಾಗರಿಕರು. 1837ರಲ್ಲಿ ಅಲಾಮೊದಲ್ಲಿ ಸತ್ತವರ ಬೂದಿಯನ್ನು ಮರ್ಯಾದೆಯಿಂದ ಮಣ್ಣು ಮಾಡಿಸಿದ್ದು ಇದೇ ಸೆಗೀನ್. ಗಣರಾಜ್ಯದ ಸೆನೆಟರ್ ಆದ, ಸ್ಯಾನ್ ಆಂಟೋನಿಯೊದ ಮೇಯರ್ ಆದ. 1839ರಲ್ಲಿ ವಾಲ್‌ನಟ್ ಸ್ಪ್ರಿಂಗ್ಸ್ ಅನ್ನೋ ಊರಿಗೆ ಅವನ ಹೆಸರನ್ನೇ ಇಟ್ಟರು. ಮೂರೇ ವರ್ಷ. ಹೊಸದಾಗಿ ಬಂದಿಳಿದವರ ಕಣ್ಣಿಗೆ ಅವನೊಬ್ಬ ಮೆಕ್ಸಿಕನ್, ಅಷ್ಟೇ. ಶತ್ರುವಿನ ಜೊತೆ ಶಾಮೀಲು ಅಂತ ಪುಕಾರು ಎದ್ದಿತು, ಪ್ರಾಣ ಬೆದರಿಕೆ ಬಂತು. 1842ರಲ್ಲಿ ಮೇಯರ್ ಪದವಿ ಬಿಟ್ಟು ಸಂಸಾರ ಸಮೇತ ಮೆಕ್ಸಿಕೊಗೆ ಓಡಿದ. ಅಲ್ಲಿ ಅವನು ದೇಶದ್ರೋಹಿ. ಸೈನ್ಯಕ್ಕೆ ಸೇರು, ಇಲ್ಲ ಜೈಲು ಅಂದರು. ಅದೇ ವರ್ಷ ಮೆಕ್ಸಿಕೊ ಸೈನ್ಯ ಸ್ಯಾನ್ ಆಂಟೋನಿಯೊ ಮೇಲೆ ನುಗ್ಗಿದಾಗ ಜೊತೆಯಲ್ಲಿ ಸೆಗೀನ್ ಇದ್ದ. ಅತ್ತ ದರಿ, ಇತ್ತ ಪುಲಿ. ಹುಟ್ಟಿದ ಊರಿನಲ್ಲೇ ಪರಕೀಯನಾದ ಸಂಕಟವನ್ನು ಅವನು ಮುಂದೆ ತನ್ನ ಆತ್ಮಕತೆಯಲ್ಲಿ ತೋಡಿಕೊಂಡ.

ರೆಡ್‌ಬ್ಯಾಕ್

ಇಷ್ಟೆಲ್ಲ ಆಗಿಯೂ ಆ ಗಣರಾಜ್ಯ ನಡೆದ ರೀತಿ ನೋಡಿದರೆ ನಮ್ಮ ಸ್ಟಾರ್ಟಪ್‌ಗಳ ನೆನಪಾಗುತ್ತೆ. ಕನಸು ದೊಡ್ಡದು, ಖಾತೆಯಲ್ಲಿ ದುಡ್ಡಿಲ್ಲ.

1836ರ ಮೊದಲ ಚುನಾವಣೆಯಲ್ಲಿ ಹ್ಯೂಸ್ಟನ್‌ಗೆ 5,119 ಮತ, ಆಸ್ಟಿನ್‌ಗೆ 587. ಹದಿನೈದು ವರ್ಷ ಓಡಾಡಿ ಊರು ಕಟ್ಟಿದವನಿಗೆ ಮೂರನೇ ಸ್ಥಾನ. ಅದೇ ಡಿಸೆಂಬರ್‌ನಲ್ಲಿ ಆಸ್ಟಿನ್ ತೀರಿಕೊಂಡ, ವಯಸ್ಸು 43. ಅವನ ಹೆಸರಿನ ಊರು ರಾಜಧಾನಿಯಾಗಿದ್ದು 1839ರಲ್ಲಿ, ಲಮಾರ್ ಕಾಲದಲ್ಲಿ. 1842ರ ಕೊನೆಗೆ ಮತ್ತೆ ಅಧ್ಯಕ್ಷನಾಗಿದ್ದ ಹ್ಯೂಸ್ಟನ್ ಸರ್ಕಾರಿ ಕಡತಗಳನ್ನು ಆಸ್ಟಿನ್‌ನಿಂದ ಸಾಗಿಸೋಕೆ ಗಾಡಿ ಕಳಿಸಿದಾಗ, ಊಟದ ವಸತಿಗೃಹ ನಡೆಸುತ್ತಿದ್ದ ಆಂಜೆಲಿನಾ ಎಬರ್ಲಿ ಅನ್ನೋ ಹೆಂಗಸು ಬೀದಿಯಲ್ಲಿದ್ದ ಫಿರಂಗಿಗೆ ಬೆಂಕಿ ಇಟ್ಟು ಊರನ್ನೆಬ್ಬಿಸಿದಳು. ಕಡತಗಳು ವಾಪಸ್ ಬಂದವು, ರಾಜಧಾನಿ ಕೊನೆಗೂ ಅಲ್ಲೇ ಉಳಿಯಿತು.

ಲಮಾರ್ ಶಾಲೆ, ವಿಶ್ವವಿದ್ಯಾಲಯಗಳಿಗೆ ಅಂತ ಜಮೀನು ತೆಗೆದಿಟ್ಟ. ಖಜಾನೆ ತುಂಬೋಕೆ ರೆಡ್‌ಬ್ಯಾಕ್ ಅನ್ನೋ ನೋಟು ಅಚ್ಚು ಹಾಕಿಸಿದ. 1842ರ ಹೊತ್ತಿಗೆ ಒಂದು ಡಾಲರ್ ನೋಟಿನ ಬೆಲೆ ಎರಡು ಸೆಂಟ್ ಆಗಿತ್ತು.

ಒಳ್ಳೆಯದೂ ಆಯಿತು. ಸಾಲಗಾರರು ಬಂದು ಇರೋ ಮನೆಯನ್ನು ಜಪ್ತಿ ಮಾಡದ ಹಾಗೆ 1839ರಲ್ಲಿ ಕಾನೂನು ಬಂತು. ಮದುವೆಯಾದ ಮೇಲೆ ಗಳಿಸಿದ ಆಸ್ತಿಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಪಾಲು ಅನ್ನೋ ಸ್ಪ್ಯಾನಿಷ್ ಪದ್ಧತಿಯನ್ನು 1840ರಲ್ಲಿ ಉಳಿಸಿಕೊಂಡರು. ಎರಡೂ ಬೆಳೆದು ಬದಲಾಗಿ ಇವತ್ತಿಗೂ ಟೆಕ್ಸಾಸ್ ಕಾನೂನಿನಲ್ಲಿವೆ. ಡಾಲಸ್‌ನಲ್ಲಿ ಮನೆ ಕೊಂಡ ನಿಮ್ಮ ಗೆಳೆಯ ದಂಪತಿಗೂ ಅನ್ವಯ. ಸೋತ ದೇಶದ ಕಾನೂನಿನಿಂದ ಗೆದ್ದವರು ಎತ್ತಿಟ್ಟುಕೊಂಡ ಒಳ್ಳೆಯ ಸಾಲು ಅದು.

ಸೇರ್ಪಡೆ

1845ರ ಡಿಸೆಂಬರ್ 29ರಂದು ಟೆಕ್ಸಾಸ್ ಅಮೆರಿಕಕ್ಕೆ ಸೇರಿತು. 1846ರ ಫೆಬ್ರುವರಿಯಲ್ಲಿ ಕೊನೆಯ ಅಧ್ಯಕ್ಷ ಆನ್ಸನ್ ಜೋನ್ಸ್ ಒಂಟಿ ನಕ್ಷತ್ರದ ಬಾವುಟ ಇಳಿಸಿದ. ಅದೇ ವರ್ಷ ಅಮೆರಿಕ ಮತ್ತು ಮೆಕ್ಸಿಕೊ ನಡುವೆ ಯುದ್ಧ ಶುರುವಾಯಿತು. ಗುಲಾಮರ ಸಂಖ್ಯೆ 1836ರಲ್ಲಿ ಸುಮಾರು 5,000 ಇದ್ದದ್ದು, ಸೇರ್ಪಡೆ ಹೊತ್ತಿಗೆ 30,000 ಆಗಿತ್ತು. 1860ರ ಜನಗಣತಿಯಲ್ಲಿ 1,82,566. ಸ್ವತಂತ್ರ ದೇಶದಲ್ಲಿ ಎಲ್ಲಕ್ಕಿಂತ ವೇಗವಾಗಿ ಬೆಳೆದದ್ದರಲ್ಲಿ ಇದೂ ಒಂದು.

ಇವತ್ತು ಟೆಕ್ಸಾಸ್ ಕ್ಯಾಲೆಂಡರ್‌ನಲ್ಲಿ ಮೂರು ದಿನಗಳಿವೆ. ಮಾರ್ಚ್ 2, ಸ್ವಾತಂತ್ರ್ಯ ದಿನ. ಏಪ್ರಿಲ್ 21, ಸ್ಯಾನ್ ಜಸಿಂಟೊ ದಿನ. ಜೂನ್ 19, ಜೂನ್‌ಟೀನ್ತ್. 1865ರಲ್ಲಿ ಗಾಲ್ವೆಸ್ಟನ್ ಬಂದರಿಗೆ ಬಂದಿಳಿದ ಅಮೆರಿಕದ ಸೇನಾಧಿಕಾರಿ, ಟೆಕ್ಸಾಸ್‌ನ ಗುಲಾಮರೆಲ್ಲ ಸ್ವತಂತ್ರರು ಅಂತ ಆದೇಶ ಹೊರಡಿಸಿದ ದಿನ. 2021ರಿಂದ ಅದು ಅಮೆರಿಕಕ್ಕೆಲ್ಲ ರಜೆ. ಮೊದಲ ದಿನಕ್ಕೂ ಕೊನೆಯ ದಿನಕ್ಕೂ ನಡುವೆ 29 ವರ್ಷ. ಅಲ್ಲಿನ ಸಹೋದ್ಯೋಗಿಗಳ ಜೊತೆ ಕೆಲಸ ಮಾಡೋರಿಗೆ ಜೂನ್ 19 ಅಂದರೆ ಮೀಟಿಂಗ್ ಇಲ್ಲದ ದಿನ. ಮುಂದಿನ ಸಲ ಆ ರಜೆ ಬಂದಾಗ ಜೋನ ನೆನಪು ಮಾಡಿಕೊಳ್ಳಿ.

ಅವನ ಕತೆಯ ಉಳಿದ ಭಾಗ ಹೇಳಿ ಮುಗಿಸ್ತೀನಿ. 1837ರ ಏಪ್ರಿಲ್ 21. ಸ್ಯಾನ್ ಜಸಿಂಟೊ ಗೆಲುವಿಗೆ ಸರಿಯಾಗಿ ಒಂದು ವರ್ಷ. ಅವತ್ತು ಜೋ ಒಬ್ಬ ಮೆಕ್ಸಿಕನ್ ಜೊತೆ ಎರಡು ಕುದುರೆ ಹತ್ತಿ ಪರಾರಿಯಾದ. ಟ್ರಾವಿಸ್‌ನ ಆಸ್ತಿ ನೋಡಿಕೊಳ್ಳುತ್ತಿದ್ದವನು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟ: ಹಿಡಿದುಕೊಟ್ಟವರಿಗೆ 50 ಡಾಲರ್ ಬಹುಮಾನ. ಅಲಾಮೊದ ಗೋಡೆ ಮೇಲೆ ನಿಂತು ಹೋರಾಡಿ ಬದುಕಿ ಬಂದವನಿಗೆ ಆ ಗಣರಾಜ್ಯದಲ್ಲಿ ಕಟ್ಟಿದ ಬೆಲೆ ಅದು.